ಮನೆವಾರ್ತೆ: ಹಳೆಯ ಮನೆ, ಅಲ್ಪ ಹಣ

ಅಜ್ಜನ ಕಾಲದ ಮನೆ. ಮಾಡು ಸೋರುತ್ತದೆ, ಗೋಡೆಯ ಬುಡವು ಒದ್ದೆ, ಒಳಗೆ ಕತ್ತಲೆ. ಕೈಯಲ್ಲಿರುವ ಹಣವಂತೂ ಅಲ್ಪ. ಇದನ್ನು ಕೆಡವಿ ಹೊಸತನ್ನು ಕಟ್ಟಿಸುವುದು ಲೇಸೋ, ಇದ್ದುದನ್ನೇ ನೆಟ್ಟಗೆ ಮಾಡಿಕೊಂಡು ಇರುವುದು ಲೇಸೋ? ಉಡುಪಿ, ಕಾಪು, ಕಾರ್ಕಳಗಳ ಕಡೆಯ ಗೃಹಸ್ಥರಲ್ಲಿ ದೀಪಾವಳಿ ಕಳೆದು ಆಕಾಶವು ತಿಳಿಯಾದೊಡನೆ ಏಳುವ ಪ್ರಶ್ನೆಯಿದು. ಉತ್ತರ ಹೇಳಲು ಬರುವವರಿಗೂ ಕೊರತೆಯಿಲ್ಲ. ಗುತ್ತಿಗೆದಾರನು ಕೆಡವಿರೆನ್ನುವನು, ಅವನ ಜೀವನವೇ ಅದು. ಮುಂಬಯಿಯಿಂದಲೋ ದುಬಾಯಿಯಿಂದಲೋ ಹತ್ತು ದಿನದ ರಜೆಗೆ ಬಂದ ನೆಂಟನು ನಾಲ್ಕು ಚಿತ್ರಗಳನ್ನು ತೆಗೆದುಕೊಂಡು, ಒಂದು ಕಂಬವನ್ನೂ ಅಲುಗಿಸಕೂಡದೆಂದು ಅಪ್ಪಣೆ ಕೊಟ್ಟು ವಿಮಾನ ಹತ್ತುವನು. ಮಳೆಗಾಲದ ನಡುರಾತ್ರಿಯಲ್ಲಿ ಎದ್ದು ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆಯುವವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ತಿಂಗಳ ನಮ್ಮ ಮಾತು ಅವರೊಡನೆ.

ಗೋಡೆಗಳು ನೆಟ್ಟಗೆ ನಿಂತಿದ್ದು, ತೊಲೆಗಳು ಗಟ್ಟಿಯಾಗಿದ್ದರೆ ಕೆಡವಬೇಡಿರೆಂದೇ ನಾವು ಹೇಳುವೆವು. ಹಾಗೆಂದು ಹಳೆಯದೆಂಬ ಒಂದೇ ಕಾರಣಕ್ಕಾಗಿ ಎಲ್ಲವನ್ನೂ ಪೂಜಿಸುತ್ತ ಕುಳ್ಳಿರಬೇಕೆಂದು ನಮ್ಮ ಅಭಿಪ್ರಾಯವಲ್ಲ. ಹಣವು ಅಲ್ಪವಾಗಿರುವಾಗ ಅದು ಮೊದಲು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಲೇಕೂಡದು ಎಂಬುದನ್ನು ನಿರ್ಣಯಿಸುವುದೇ ಇದರಲ್ಲಿ ಮುಖ್ಯವಾದ ಕೆಲಸ. ಮನೆಯ ಅಂದವು ಬಹುಪಾಲು ಆ ನಿರ್ಣಯದಿಂದಲೇ ಬರುವುದು.

ಹಳೆಯ ಮನೆಗೆ ಎಷ್ಟು ಬೆಲೆಯುಂಟೆಂಬುದನ್ನು ತಿಳಿಯಬಯಸುವವರು ಒಂದು ಮಧ್ಯಾಹ್ನ ಮಣಿಪಾಲಕ್ಕೆ ಹೋಗಿಬರುವುದು ಉತ್ತಮ. ಮಣಿಪಾಲವು ಹಳೆಯ ಮನೆಗಳಿಗೆ ಹೆಸರಾದ ಊರಲ್ಲ. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ತೆರೆಯುವುದಕ್ಕೆ ಮುಂಚೆ ಅದು ಮುರಕಲ್ಲಿನ ಬೋಳುಗುಡ್ಡವಾಗಿದ್ದಿತು. ಮಣ್ಣುಪಳ್ಳವೆಂಬ ಕೆರೆಯಿಂದ ಊರಿಗೆ ಹೆಸರು ಬಂದಿತೆಂದು ಹೇಳುವರು. ಈಗ ಅದು ಬಹುಮಹಡಿಗಳ ಪಟ್ಟಣ. ಆ ಮಹಡಿಗಳ ಮಗ್ಗುಲಲ್ಲಿಯೇ, ಸುಮಾರು 6 ಎಕರೆ ನೆಲದಲ್ಲಿ, ಬೇರೆ ಬೇರೆ ಊರುಗಳಿಂದ ಎದ್ದು ಬಂದ ಮನೆಗಳು ನಿಂತಿವೆ. ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಎಂದು ಅದರ ಹೆಸರು. ಕುಂಜೂರಿನ ಚೌಕಿಮನೆ, ಕಾರ್ಕಳದ ಬಳಿಯ ಮಿಯಾರಿನ ಮನೆ, ಕುಂದಾಪುರದ ಕಡೆಯ ಹರ್ಕೂರಿನ ಮನೆ ಇವು ನಮ್ಮ ನೆರೆಹೊರೆಯವು. ದೂರದ ಕುಕನೂರಿನ ಕಮಲಮಹಲು, ಮುಧೋಳದ ಅರಮನೆಯ ದರ್ಬಾರು ಶಾಲೆ ಇವೂ ಅಲ್ಲಿವೆ.

ಇದನ್ನು ಮಾಡಿದವರು ವಿಜಯನಾಥ ಶೆಣೈಯವರು. 1934ರಲ್ಲಿ ಹುಟ್ಟಿದ ಇವರು ಬ್ಯಾಂಕಿನ ಉದ್ಯೋಗಿಯಾಗಿದ್ದವರು. ಜಮೀನ್ದಾರರೂ ಅಲ್ಲ, ವಾಸ್ತುಶಿಲ್ಪದ ಪದವೀಧರರೂ ಅಲ್ಲ. ಆ ಕಾಲದಲ್ಲಿ ದಕ್ಷಿಣ ಕನ್ನಡದ ದೊಡ್ಡ ಮನೆಗಳು ಒಂದರ ಹಿಂದೆ ಒಂದಾಗಿ ಕೆಡವಲ್ಪಡುತ್ತಿದ್ದವು. ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾನೂನಿನಿಂದ ಅವಿಭಕ್ತ ಕುಟುಂಬಗಳ ಆಸ್ತಿಯನ್ನು ಪಾಲು ಮಾಡಿಕೊಳ್ಳುವ ದಾರಿ ತೆರೆಯಿತು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಗದ್ದೆಗಳು ಉಳುವವರ ಪಾಲಾದವು. ಈ ಎರಡನೆಯದು ನ್ಯಾಯವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ಐವತ್ತು ಜನರ ಮನೆಯಲ್ಲಿ ಇಬ್ಬರು ಮುದುಕರು ಉಳಿದಾಗ, ವರ್ಷ ವರ್ಷವೂ ಹಂಚು ತೆಗೆದು ಹೊದಿಸುವುದಕ್ಕೆ ಹಣ ಎಲ್ಲಿಂದ ಬರಬೇಕು? ಕೆತ್ತನೆಯ ಕಂಬ ಬಾಗಿಲುಗಳು ಮರದ ಲೆಕ್ಕದಲ್ಲಿಯೂ ಕೆಲವೆಡೆ ಸೌದೆಯ ಲೆಕ್ಕದಲ್ಲಿಯೂ ಮಾರಾಟವಾದವು. ಶೆಣೈಯವರು ಅಂಥವುಗಳನ್ನು ಕೊಂಡು ತಂದು ಅವುಗಳಿಂದಲೇ ಮಣಿಪಾಲದಲ್ಲಿ ತಮ್ಮ ವಾಸದ ಮನೆಯನ್ನು ಕಟ್ಟಿಸಿ ಅದಕ್ಕೆ ಹಸ್ತಶಿಲ್ಪವೆಂದು ಹೆಸರಿಟ್ಟರು. ನೋಡಲು ಬರುವವರು ಹೆಚ್ಚಿದರು. ಆಮೇಲೆ ಬಿಡಿ ಕಂಬಗಳಿಂದ ಇಡೀ ಮನೆಗಳಿಗೆ ಅವರ ಕೆಲಸವು ಬೆಳೆಯಿತು. 2017ರಲ್ಲಿ ಅವರು ತೀರಿಕೊಂಡರು.

ಅಲ್ಲಿಗೆ ಹೋದ ಗೃಹಸ್ಥನು ಕಂಡು ಬರಬೇಕಾದದ್ದು ಎರಡು. ಮನೆಯೊಂದನ್ನು ಬಿಚ್ಚುವಾಗ ಪ್ರತಿಯೊಂದು ಮರಕ್ಕೂ ಅಂಕೆಯನ್ನು ಬರೆದು, ಯಾವುದು ಎಲ್ಲಿ ಕೂರುವುದೆಂದು ನಕ್ಷೆ ಮಾಡಿಕೊಂಡು, ಅದೇ ಕ್ರಮದಲ್ಲಿ ಮರಳಿ ನಿಲ್ಲಿಸುವ ಶಿಸ್ತು ಒಂದು. ನಿಮ್ಮ ಮನೆಯ ಒಂದೇ ಒಂದು ಮಾಡನ್ನು ಬಿಚ್ಚುವುದಾದರೂ ಈ ಶಿಸ್ತು ಬೇಕು. ಸೀಮೆಸುಣ್ಣದ ತುಂಡಿಗೆ ಖರ್ಚೇನೂ ಇಲ್ಲ. ಇನ್ನೊಂದು, ಅಲ್ಲಿಯ ಒಲೆಗಳು ತಣ್ಣಗಿರುವುವು. ಇದು ಆ ಸಂಸ್ಥೆಯ ಕೊರತೆಯಲ್ಲ. ನೋಡುವುದಕ್ಕಾಗಿ ಇಟ್ಟ ಮನೆಯು ಹಾಗೆಯೇ ಇರತಕ್ಕದ್ದು. ನಮ್ಮ ವಾಚಕರ ಮನೆಯಾದರೋ ಅನ್ನ ಬೇಯುವ ಮನೆ. ಆದುದರಿಂದ ಅಲ್ಲಿಯಂತೆ ಇಲ್ಲಿಯೂ ಕಾಣಬೇಕೆಂಬ ಹಂಬಲವನ್ನು ಬಿಟ್ಟು, ಇಲ್ಲಿ ಇರುವವರಿಗೆ ಏನು ಬೇಕೆಂಬುದರಿಂದ ಲೆಕ್ಕವನ್ನು ಪ್ರಾರಂಭಿಸಬೇಕು.

ಹಾಗೆ ಪ್ರಾರಂಭಿಸಿದರೆ ಮೊದಲು ಬರುವುದು ಮಾಡು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಸೀಮೆಯಲ್ಲಿ ಗೋಡೆಗೆ ಬಣ್ಣ ಬಳಿದು ಮಾಡನ್ನು ಮುಂದಿನ ವರ್ಷಕ್ಕೆ ಇಡುವವನು ಬಣ್ಣದ ಹಣವನ್ನು ಹೊಳೆಗೆ ಎಸೆದಂತೆಯೇ ಸರಿ. ಕೈಯಲ್ಲಿ ನೂರು ರೂಪಾಯಿಯಿದ್ದರೆ ಐವತ್ತನ್ನು ಮಾಡಿಗೆಂದು ತೆಗೆದಿಡಿರಿ. ಒಂದು ವೇಳೆ ಐವತ್ತು ಸಾಲದಿದ್ದರೆ ಉಳಿದುದೆಲ್ಲವನ್ನೂ ಅದಕ್ಕೇ ಹಾಕಿ, ಒಳಗಿನ ಕೆಲಸವನ್ನು ಮುಂದೂಡಿರಿ.

ನಮ್ಮ ಕಡೆಯ ಹಂಚಿನ ಕಥೆಯೂ ತಿಳಿದಿರತಕ್ಕದ್ದೇ. ಮುಳಿಹುಲ್ಲು, ಸೋಗೆ, ಸಣ್ಣ ನಾಡಹಂಚುಗಳ ಮಾಡುಗಳೇ ಇದ್ದ ಈ ಸೀಮೆಯಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಆ ಹಂಚು ಬಹು ಬೇಗನೆ ಮನೆಮನೆಗೂ ಹಬ್ಬಿತು. ಅಂದರೆ, ಇನ್ನೂರು ವರ್ಷದ್ದೆಂದು ನಾವು ಹೆಮ್ಮೆಪಡುವ ಮನೆಯ ಮೇಲಿರುವ ಮಾಡು ಅದಕ್ಕಿಂತ ಬಹಳ ಈಚಿನದು. ನಮ್ಮ ಹಿರಿಯರು ಹುಲ್ಲನ್ನು ತೆಗೆದು ಹಂಚನ್ನು ಹೊದಿಸಿದಾಗ ಮನೆಯ ಮಾನ ಹೋಯಿತೆಂದು ಅಳಲಿಲ್ಲ. ಹಳೆಯದರಲ್ಲಿ ಏನನ್ನೂ ಮುಟ್ಟಬಾರದೆನ್ನುವ ನೆಂಟರಿಗೆ ಇದನ್ನು ಹೇಳಿರಿ.

ಹಂಚಿನ ವಿಷಯದಲ್ಲಿ ಹಣವುಳಿಯುವ ಸೂಕ್ಷ್ಮವೊಂದುಂಟು. ಬೇರೆ ಬೇರೆ ಕಾರ್ಖಾನೆಗಳ ಹಂಚುಗಳು ನೋಡುವುದಕ್ಕೆ ಒಂದೇ ಬಗೆಯವಾಗಿದ್ದರೂ ಒಂದರ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಕೂರದ ಕಡೆಯಲ್ಲಿಯೇ ಗಾಳಿಮಳೆಯ ನೀರು ಒಳನುಗ್ಗುವುದು. ಹಂಚಿನ ಮೈಯಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದು. ಒಂದು ಹಂಚನ್ನು ಕೆಳಗಿಳಿಸಿ ಆ ಹೆಸರನ್ನು ಓದಿ, ಅದನ್ನೇ ಮಾದರಿಯಾಗಿ ಹಿಡಿದುಕೊಂಡು, ಮನೆ ಕೆಡವಿದ ಸಾಮಾನುಗಳನ್ನು ಮಾರುವವರಲ್ಲಿ ಹುಡುಕಿರಿ. ಅದೇ ಅಚ್ಚಿನ ಹಳೆಯ ಹಂಚು ಹೊಸ ಹಂಚಿಗಿಂತ ಕಡಿಮೆ ಬೆಲೆಗೆ ದೊರೆಯುವುದುಂಟು. ಬೆರಳ ಗೆಣ್ಣಿನಿಂದ ಬಡಿದರೆ ಗಂಟೆಯಂತೆ ಸದ್ದು ಬರುವುದನ್ನು ಆರಿಸಿರಿ. ಮೊದ್ದು ಸದ್ದಿನದರಲ್ಲಿ ಬಿರುಕಿರುವುದು. ನೂರು ಚದರ ಅಡಿಗೆ ಸುಮಾರು 150 ಹಂಚು ಬೇಕಾಗುವುದು. ಎರಡು ಕಡೆಯ ಒಳ್ಳೆಯ ಹಂಚುಗಳನ್ನೆಲ್ಲ ಅಂಗಳದ ಕಡೆಯ ಒಂದು ಮಾಡಿಗೆ ಸೇರಿಸಿ, ಕಡಿಮೆಬಿದ್ದ ಹಿಂಬದಿಗೆ ಮಾತ್ರ ಬೇರೆ ಅಚ್ಚಿನವನ್ನು ಪೂರ್ತಿಯಾಗಿ ಹೊದಿಸುವುದು ಬಡವರ ಜಾಣತನ. ಒಂದೇ ಮಾಡಿನಲ್ಲಿ ಎರಡನ್ನೂ ಬೆರಸುವುದು ಮಾತ್ರ ಕೂಡದು.

ಹಂಚನ್ನು ಇಳಿಸಿದಾಗಲೇ ಮರದ ಪರೀಕ್ಷೆಯೂ ಆಗಬೇಕು. ಪಕ್ಕಾಸಿನ ತುದಿಗಳು ಸೂರಿನ ಬಳಿಯಲ್ಲಿಯೂ, ತೊಲೆಯ ತುದಿಗಳು ಗೋಡೆಯೊಳಗೆ ಹೊಕ್ಕಲ್ಲಿಯೂ ಮೊದಲು ಕೆಡುವುವು; ನಡುಮರವು ಬಹುತೇಕ ಗಟ್ಟಿಯಾಗಿಯೇ ಇರುವುದು. ಆಚಾರಿಯು ಉಳಿಯ ಮೊನೆಯಿಂದ ಚುಚ್ಚಿ ನೋಡಲಿ. ಒಂದು ಅಡಿ ಕೆಟ್ಟುದಕ್ಕಾಗಿ ಹದಿನಾಲ್ಕು ಅಡಿಯ ಪಕ್ಕಾಸನ್ನು ಎಸೆಯುವುದು ಅನ್ಯಾಯ. ಕೆಟ್ಟ ತುದಿಯನ್ನು ಓರೆಯಾಗಿ ಕೊಯ್ದು, ಅದೇ ಜಾತಿಯ ಹಳೆಯ ಮರದ ತುಂಡನ್ನು ಜೋಡಿಸಿ, ಮೊಳೆಗಿಂತ ಬೋಲ್ಟಿನಿಂದ ಬಿಗಿಯುವುದು ಉತ್ತಮ. ಹಲಸು, ಕಿರಾಲುಬೋಗಿಗಳ ಹಳೆಯ ಮರವು ಈಗ ಮಾರುಕಟ್ಟೆಯಲ್ಲಿ ಸಿಗುವ ಎಳೆಯ ಮರಕ್ಕಿಂತ ಎಷ್ಟೋ ಮೇಲು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿದು ಒರಲೆಯನ್ನು ದೂರವಿಡುವ ಪದ್ಧತಿಯು ಈ ಸೀಮೆಯಲ್ಲಿ ಹಿಂದಿನಿಂದಲೂ ಉಂಟು. ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು. ಆದರೆ ಮರವು ಕಪ್ಪಾಗುವುದು, ಮೈಗೆ ತಾಗಿದರೆ ಚರ್ಮವು ಸುಟ್ಟು ಹುಣ್ಣಾಗುವುದು. ಕೈಚೀಲ ಹಾಕಿಕೊಂಡು, ಕಾಣದ ಮರಗಳಿಗೆ ಮಾತ್ರ ಬಳಿಯಿಸಿರಿ. ಕುಟ್ಟೆ ಹಿಡಿದ ಬಾಗಿಲು ಕಂಬಗಳಿಗೆ ಬಿಳಿಗಾರವನ್ನೂ ಬೋರಿಕ್ ಪುಡಿಯನ್ನೂ ಬಿಸಿನೀರಿನಲ್ಲಿ ಕರಗಿಸಿ ಎರಡು ಮೂರು ಸಲ ಬಳಿಯುವುದು ಸಾಕು. ಮರದ ಮೇಲೆ ಬಣ್ಣವಿದ್ದರೆ ಅದು ಒಳಗೆ ಇಳಿಯದು.

ಮಾಡನ್ನೇ ಕಿತ್ತು ಕಾಂಕ್ರೀಟಿನ ತಾರಸಿಯನ್ನು ಹಾಕಿಸಿದರೆ ಈ ತಾಪತ್ರಯವೇ ಇರದಲ್ಲ ಎನ್ನುವವರುಂಟು. ಉಡುಪಿಯಿಂದ ಕಾರ್ಕಳದವರೆಗೆ ದಾರಿಯ ಎರಡೂ ಬದಿಯ ಮನೆಗಳನ್ನು ನೋಡುತ್ತ ಹೋಗಿರಿ. ಮೂವತ್ತು ನಲವತ್ತು ವರ್ಷಗಳ ಹಿಂದೆ ಹಂಚನ್ನು ಇಳಿಸಿ ತಾರಸಿ ಹಾಕಿಸಿದವರು ಈಗ ಅದೇ ತಾರಸಿಯ ಮೇಲೆ ಕಬ್ಬಿಣದ ಕಂಬಗಳನ್ನು ನೆಟ್ಟು ತಗಡಿನ ಮಾಡನ್ನು ಹೊದಿಸಿರುವರು. ಸೋರುವ ತಾರಸಿಯನ್ನು ಕಾಪಾಡಲು ಇಳಿಜಾರಾದ ಮಾಡೇ ಬೇಕಾಯಿತು! ಒಂದು ಮನೆಗೆ ಎರಡು ಮಾಡಿನ ಖರ್ಚು. ನಮ್ಮ ಮಳೆಗೆ ಇಳಿಜಾರಲ್ಲದೆ ಬೇರೆ ಉಪಾಯವಿಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಸ್ತ್ರವು ಹೇಳೀತು?

ಚೌಕಿಮನೆಯವರಿಗೆ ಇನ್ನೊಂದು ಮಾತು. ಒಳ ಅಂಗಳದ ನಾಲ್ಕು ಮೂಲೆಗಳಲ್ಲಿ ಎರಡೆರಡು ಮಾಡುಗಳ ನೀರು ಕೂಡಿ ಹರಿಯುವ ತಗಡಿನ ದೋಣಿಗಳಿರುವುವಲ್ಲ, ಮನೆಯನ್ನು ಕೊಲ್ಲುವುದು ಬಹುಶಃ ಅವೇ. ಅವು ತುಕ್ಕು ಹಿಡಿದರೆ ಕೆಳಗಿರುವ ಮೂಲೆಮರವು ಎರಡು ಮೂರು ಮಳೆಗಾಲಗಳಲ್ಲಿ ಕೊಳೆತುಹೋಗುವುದು. ಬೇರೆಲ್ಲೆಡೆ ಕೈ ಬಿಗಿ ಹಿಡಿದರೂ ಅಲ್ಲಿ ದಪ್ಪನೆಯ ಒಳ್ಳೆಯ ತಗಡನ್ನೇ ಹಾಕಿಸಬೇಕು. ವರ್ಷಕ್ಕೆ ಎರಡು ಸಲ ಎಲೆಕಸವನ್ನು ತೆಗೆಯಬೇಕು.

ಇನ್ನು ಗೋಡೆ. ಮುರಕಲ್ಲಿನ ಗುಣವನ್ನು ತಿಳಿಯದೆ ಗೋಡೆಗೆ ಕೈಹಾಕುವುದರಿಂದ ಆಗುವ ನಷ್ಟವು ಅಷ್ಟಿಷ್ಟಲ್ಲ. ಫ್ರಾನ್ಸಿಸ್ ಬುಕಾನನ್ ಎಂಬವನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲನ್ನು ವರ್ಣಿಸಿ, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ಅಗೆಯುವಾಗ ಮೆದುವಾಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ, ಮೈತುಂಬ ರಂಧ್ರಗಳುಳ್ಳ ಕಲ್ಲಿದು. ಅದು ಮಳೆಗಾಲದಲ್ಲಿ ನೀರನ್ನು ಹೀರುವುದು, ಬೇಸಗೆಯಲ್ಲಿ ಬಿಡುವುದು. ನಮ್ಮ ಹಿರಿಯರು ಅದಕ್ಕೆ ಮಣ್ಣಿನ ಇಲ್ಲವೆ ಚಿಪ್ಪಿನ ಸುಣ್ಣದ ಸಾರಣೆಯನ್ನು ಮಾಡಿದರು. ಸುಣ್ಣದ ಮೂಲಕ ಗೋಡೆಯು ಉಸಿರಾಡುತ್ತಿದ್ದಿತು. ಅದರ ಮೇಲೆ ಸಿಮೆಂಟಿನ ಸಾರಣೆಯನ್ನು ಹಾಕಿ ಎಣ್ಣೆಬಣ್ಣ ಬಳಿದರೆ ಒಳಗಿನ ತೇವಕ್ಕೆ ಹೊರಬರುವ ದಾರಿಯಿಲ್ಲದಂತಾಗುವುದು. ಅದು ಮೇಲೇರುತ್ತ ಹೋಗಿ, ಉಪ್ಪು ಬಿರಿದು, ಐದಾರು ವರ್ಷಗಳಲ್ಲಿ ಸಾರಣೆಯು ಹೊಪ್ಪಳೆ ಹೊಪ್ಪಳೆಯಾಗಿ ಬೀಳುವುದು. ಆಗ ಮೇಸ್ತ್ರಿಯು ಇನ್ನೂ ದಪ್ಪಗೆ ಸಿಮೆಂಟು ಹಾಕೋಣವೆನ್ನುವನು. ಇದಕ್ಕೆ ಕೊನೆಯಿಲ್ಲ.

ಗೋಡೆಯ ಬುಡವು ಒದ್ದೆಯಾಗಿದ್ದರೆ ಗೋಡೆಯನ್ನು ನೋಡುವುದಕ್ಕೆ ಮೊದಲು ಅಂಗಳವನ್ನು ನೋಡಿರಿ. ವರ್ಷ ವರ್ಷವೂ ಮಣ್ಣು ಬಿದ್ದು, ಈಚೆಗಂತೂ ಸಿಮೆಂಟಿನ ಇಂಟರ್‌ಲಾಕ್ ಬಿಲ್ಲೆಗಳನ್ನು ಹಾಸಿ, ಅಂಗಳವು ಏರಿ ಮನೆಯ ಪಂಚಾಂಗವು ಹೂತುಹೋಗಿರುವುದು. ಸೂರಿನ ನೀರು ಆ ಗಟ್ಟಿ ನೆಲಕ್ಕೆ ಬಡಿದು ಗೋಡೆಗೆ ಸಿಡಿಯುವುದು. ಬಿಲ್ಲೆಗಳನ್ನು ಗೋಡೆಯಿಂದ ಎರಡು ಮೂರು ಅಡಿ ದೂರಕ್ಕೆ ಕಿತ್ತು, ಮಣ್ಣನ್ನು ತೆಗೆದು, ಸೂರಿನ ಕೆಳಗೆ ಜಲ್ಲಿ ತುಂಬಿದ ಚರಂಡಿಯನ್ನು ಮಾಡಿದರೆ ಅರ್ಧ ತೇವವು ತಾನಾಗಿ ಇಳಿಯುವುದು. ಇದಕ್ಕೆ ಇಬ್ಬರು ಆಳುಗಳ ಮೂರು ನಾಲ್ಕು ದಿನಗಳ ಕೂಲಿ ಸಾಕು. ಅಂಗಳಕ್ಕೆ ಬಿಲ್ಲೆ ಹಾಸಿಸಲು ಸುರಿಯುವ ಹಣದೊಡನೆ ಇದನ್ನು ಹೋಲಿಸಿ ನೋಡಿರಿ.

ಬಿದ್ದ ಕಡೆಗಳಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆಯು ತಕ್ಕದ್ದು. ಸುಣ್ಣವನ್ನು ಕೆಲವು ವಾರಗಳ ಮುಂಚೆಯೇ ನೀರಿನಲ್ಲಿ ಕೊಳೆಹಾಕಿ ಇಟ್ಟಿರಬೇಕು. ಅವಸರದ ಸುಣ್ಣವು ಗೋಡೆಯ ಮೇಲೆ ಸಿಡಿಯುವುದು. ಬಳಿಯುವುದಕ್ಕೂ ಸುಣ್ಣವೇ ಸಾಕು: ಸೋಸಿ, ತೆಳ್ಳಗೆ ಮಾಡಿ, ಗೋಡೆಯನ್ನು ನೀರಿನಿಂದ ತೋಯಿಸಿ, ಒಂದು ಆರಿದ ಮೇಲೆ ಇನ್ನೊಂದರಂತೆ ಮೂರು ಸಲ. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಸೆರಗಿಗೆ ಹತ್ತುವುದೆಂದು ಗೃಹಿಣಿಯರು ದೂರುವುದು ಸಹಜವೇ. ಅದು ಸುಣ್ಣದ ದೋಷವಲ್ಲ, ಬಳಿದವನ ಅವಸರದ ದೋಷ. ಸುಣ್ಣದ ಗೋಡೆಗೆ ವರ್ಷಕ್ಕೊಮ್ಮೆ ಕೈಯಾಡಿಸಬೇಕಾಗುವುದು ನಿಜ. ಆದರೆ ಅದು ಮನೆಯವರೇ ಎರಡು ದಿನಗಳಲ್ಲಿ ಮುಗಿಸಬಹುದಾದ ಕೆಲಸ.

ನೆಲದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಾವಿಯ ನೆಲವು ಬಿರುಕು ಬಿಟ್ಟಿದ್ದರೆ ಬಿರುಕನ್ನು ತುಂಬಿಸಿ, ತೆಂಗಿನೆಣ್ಣೆಯ ಬಟ್ಟೆಯಿಂದ ಉಜ್ಜಿಸಿರಿ. ಅದರ ಮೇಲೆ ಹೊಳೆಯುವ ಬಿಲ್ಲೆಗಳನ್ನು ಹಾಸಿದರೆ ನೆಲವು ಎರಡು ಅಂಗುಲ ಏರಿ, ಹೊಸ್ತಿಲು ಮುಳುಗಿ, ಪ್ರತಿಯೊಂದು ಬಾಗಿಲಿನ ಬುಡವನ್ನೂ ಕೊಯ್ಯಬೇಕಾಗುವುದು. ಮಳೆಗಾಲದಲ್ಲಿ ಆ ಬಿಲ್ಲೆಗಳ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮುದುಕರನ್ನು ಯಾವ ಊರಿನಲ್ಲಿ ಕೇಳಿದರೂ ತೋರಿಸುವರು.

ಹಳೆಯ ಮನೆಯೆಂದರೆ ಕತ್ತಲೆಯೆಂಬ ದೂರಿಗೆ ಅತ್ಯಂತ ಅಗ್ಗವಾದ ಮದ್ದೆಂದರೆ ಗಾಜಿನ ಹಂಚು. ಕೋಣೆಗೆ ಎರಡೋ ಮೂರೋ, ಉತ್ತರದ ಅಥವಾ ಮೂಡಣ ಮಾಡಿನಲ್ಲಿ ಹಾಕಿಸಿದರೆ ಸಾಕು. ಪಡುವಣ ಮಾಡಿನಲ್ಲಿ ಹಾಕಿದರೆ ಮಧ್ಯಾಹ್ನದ ಬಿಸಿಲು ನೇರವಾಗಿ ಮಂಚದ ಮೇಲೆ ಇಳಿಯುವುದು. ಮುಚ್ಚಿಗೆಯಿರುವ ಕೋಣೆಗೆ ಇದು ಒದಗುವುದಿಲ್ಲ. ಅಲ್ಲಿ ಕಿಟಕಿಯ ಒಳಮೈಯನ್ನು ಬೆಳ್ಳಗೆ ಮಾಡಿ, ಎದುರು ಗೋಡೆಗೊಂದು ಕನ್ನಡಿಯನ್ನು ತೂಗಿರಿ. ಕಿಟಕಿಯನ್ನು ದೊಡ್ಡದು ಮಾಡಲು ಮುರಕಲ್ಲಿನ ಗೋಡೆಯನ್ನು ಒಡೆಯುವುದಕ್ಕೆ ಹೊರಡುವವರು ಮೇಲಿನ ತೊಲೆಯ ಭಾರವು ಎಲ್ಲಿ ಇಳಿಯುವುದೆಂದು ಬಲ್ಲವರನ್ನು ಕೇಳದೆ ಸುತ್ತಿಗೆಯನ್ನು ಎತ್ತಬಾರದು.

ಎರಡು ಕಡೆಗಳಲ್ಲಿ ಮಾತ್ರ ಅಗ್ಗದ ಮಾತನ್ನೇ ಆಡಬೇಡಿರಿ. ಒಂದು ವಿದ್ಯುತ್ತಿನ ತಂತಿ. ಮರದ ಪಟ್ಟಿಯ ಮೇಲೆ ಎಳೆದ ಹಳೆಯ ತಂತಿಗಳನ್ನು ಪೂರ್ತಿಯಾಗಿ ತೆಗೆಯಿಸಿ, ಭೂಸಂಪರ್ಕವನ್ನು ಕೊಡಿಸಿ, ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿದುಹೋಗುವ ಸ್ವಿಚ್ಚನ್ನು ಹಾಕಿಸಬೇಕು. ಒದ್ದೆ ಗೋಡೆಯ ಮನೆಗೆ ಇದು ಪ್ರಾಣದ ಪ್ರಶ್ನೆ. ಇನ್ನೊಂದು ಶೌಚದ ಕೋಣೆ. ಹಿಂದಿನವರು ಅದನ್ನು ಅಂಗಳದ ಆಚೆ ಇಟ್ಟರು. ಎಪ್ಪತ್ತು ದಾಟಿದವರು ಆಟಿಯ ಮಳೆಯಲ್ಲಿ ರಾತ್ರಿ ಎದ್ದು ಅಷ್ಟು ದೂರ ಹೋಗುವುದು ಸಲ್ಲದು. ಮಲಗುವ ಕೋಣೆಗೆ ತಾಗಿ, ಜಾರದ ನೆಲ, ಗೋಡೆಗೆ ಹಿಡಿಕೆ ಇರುವ ಕೋಣೆಯೊಂದು ಆಗಲೇಬೇಕು. ಅದು ಹಳೆಯ ಮನೆಯ ಅಂದವನ್ನು ಕೆಡಿಸುವುದೆಂದು ಹೇಳುವವರು ಒಂದು ಮಳೆಗಾಲ ಅಲ್ಲಿ ಇದ್ದು ನೋಡಲಿ.

ಇಷ್ಟಾದ ಮೇಲೆ ಅಲಂಕಾರ. ನಮ್ಮ ಮತದಲ್ಲಿ ಹಳೆಯ ಮನೆಯ ಅಲಂಕಾರವೆಂದರೆ ಹೊಸದಾಗಿ ತರುವುದಕ್ಕಿಂತ ಮೇಲೆ ಮೆತ್ತಿದುದನ್ನು ತೆಗೆಯುವುದೇ ಹೆಚ್ಚು. ಹಲಸಿನ ಕಂಬಕ್ಕೆ ನಾಲ್ಕು ತಲೆಮಾರಿನವರು ಹಸಿರು, ಕೆಂಪು, ಮತ್ತೆ ಹಸಿರು ಎಣ್ಣೆಬಣ್ಣಗಳನ್ನು ಬಳಿದಿರುವರು. ಅದನ್ನು ಕೆರೆದು ತೆಗೆದು ಎಣ್ಣೆ ಹಚ್ಚಿದರೆ ಒಳಗಿನ ಹೊನ್ನಿನ ಬಣ್ಣವು ಹೊರಬರುವುದು. ಆದರೆ ಒಂದು ಎಚ್ಚರಿಕೆ: ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವಿರುವುದುಂಟು. ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ ಮಿತಿಯಿಟ್ಟು ಭಾರತ ಸರಕಾರವು ನಿಯಮ ಮಾಡಿದುದೇ 2016ರಲ್ಲಿ. ಆದುದರಿಂದ ಒಣಗಿದ್ದಂತೆ ಉಜ್ಜದೆ ನೀರು ಚಿಮುಕಿಸಿ ಕೆರೆಯಬೇಕು, ಮೂಗುಬಾಯಿಗೆ ಮುಸುಕು ಬೇಕು, ಮಕ್ಕಳನ್ನು ಅಷ್ಟು ದಿನ ಅಜ್ಜಿಮನೆಗೆ ಕಳುಹಿಸಬೇಕು. ಬೆಂಕಿಯ ಜ್ವಾಲೆಯಿಂದ ಸುಟ್ಟು ತೆಗೆಯುವುದಂತೂ ಖಂಡಿತ ಕೂಡದು.

ಗೋಡೆಗೆ ಚಿತ್ರವೇ ಬೇಕೆನ್ನುವವರು ಅಂಗಡಿಯ ಅಚ್ಚಿನ ಪಟಗಳಿಗಿಂತ ಕರಾವಳಿಯ ಕಾವಿಕಲೆಯನ್ನು ನೆನೆಯುವುದು ಒಳ್ಳೆಯದು. ಸುಣ್ಣದ ಮೈಯ ಮೇಲೆ ಕೆಮ್ಮಣ್ಣಿನ ಬಣ್ಣ ಕೊಟ್ಟು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಬಿಳಿಯ ಬಳ್ಳಿಗಳನ್ನು ಎಬ್ಬಿಸುವ ಈ ಕಲೆಯು ಕೊಂಕಣದಿಂದ ನಮ್ಮ ಕರಾವಳಿಯವರೆಗೆ ಗುಡಿಗಳಲ್ಲಿಯೂ ಮನೆಗಳಲ್ಲಿಯೂ ಇದ್ದಿತು. ಕೃಷ್ಣಾನಂದ ಕಾಮತರು ಇದನ್ನು ಹುಡುಕಿ ಬರೆದಿಟ್ಟವರಲ್ಲಿ ಪ್ರಮುಖರು. ನಿಮ್ಮ ಮನೆಯ ಸುಣ್ಣದ ಪದರದ ಕೆಳಗೆ ಕೆಂಪು ಗೆರೆ ಕಂಡರೆ ಕೆಲಸವನ್ನು ಅಲ್ಲಿಗೆ ನಿಲ್ಲಿಸಿ, ತಿಳಿದವರಿಗೆ ತೋರಿಸಿರಿ. ಕಿಟಕಿಯ ಪರದೆಗೆ ಸವೆದ ಉಡುಪಿ ಸೀರೆಗಿಂತ ಚೆಂದವಾದುದು ಅಂಗಡಿಯಲ್ಲಿ ಸಿಗುವುದೋ ನಮಗೆ ತಿಳಿಯದು. ಕಡೆಯುವ ಕಲ್ಲನ್ನು ಅಂಗಳದಲ್ಲಿ ಇಟ್ಟು ಹೂವಿನ ಗಿಡ ನೆಡುವ ಈಗಿನ ಚಾಳಿಯು ಮಾತ್ರ ನಮಗೆ ಹಿಡಿಸದು. ಕಲ್ಲು ಕಲ್ಲಾಗಿ ಜಗಲಿಯ ಮೂಲೆಯಲ್ಲಿ ಇರಲಿ.

ಕೆಡವಿದ ಮನೆಯ ಸಾಮಾನನ್ನು ಕೊಳ್ಳುವುದು ಹೀನವೆಂದು ಭಾವಿಸುವವರು ಇನ್ನೂ ಇರುವರು. ಕೇರಳದಲ್ಲಿ ಬಹುಕಾಲ ಬಡವರಿಗೂ ಸಿರಿವಂತರಿಗೂ ಮನೆ ಕಟ್ಟಿದ ಲಾರಿ ಬೇಕರ್ ಅವರು ಹಳೆಯ ಬಾಗಿಲು ಕಿಟಕಿಗಳನ್ನು ಹುಡುಕಿ ತಂದು ಬಳಸುತ್ತಿದ್ದರು. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸನು 1877ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಘವನ್ನು ಸ್ಥಾಪಿಸಿದಾಗಲೂ ಅವನು ಹೇಳಿದುದು ಇಷ್ಟೇ: ಹೊಸ ಮೆರುಗು ಬೇಡ, ಸಕಾಲದ ದುರಸ್ತಿ ಸಾಕು. ಹಾಗಿದ್ದರೂ ಬೇರೆ ಮನೆಯ ದಾರಂದವನ್ನು ತರುವಾಗ ಅಳತೆಯನ್ನು ಮೊದಲು ನೋಡಿರಿ, ಚೆಲುವನ್ನು ಆಮೇಲೆ. ಚ��ಲುವಿಗೆ ಮರುಳಾಗಿ ತಂದ ದಾರಂದಕ್ಕಾಗಿ ಗೋಡೆಯನ್ನು ಒಡೆಯುವ ಖರ್ಚು ದಾರಂದದ ಬೆಲೆಗೆ ಮೂರು ಪಾಲಾಗುವುದು.

ಕೊನೆಗೆ, ಹೇಳದೆ ಬಿಡಲಾಗದ ಮಾತೊಂದುಂಟು. ನಮ್ಮ ಕಡೆಯ ದೊಡ್ಡ ಮನೆಗಳು ಬಹುಪಾಲು ಒಬ್ಬರವಲ್ಲ. ಅವು ತರವಾಡು ಮನೆಗಳು, ಕುಟುಂಬದ ಮನೆಗಳು. ದೈವದ ಕೋಣೆ ಅಲ್ಲಿ, ವರ್ಷಕ್ಕೊಮ್ಮೆ ತಂಬಿಲ ಅಲ್ಲಿ. ಹತ್ತಾರು ಊರುಗಳಲ್ಲಿ ಹಂಚಿಹೋದವರು ಜೀರ್ಣೋದ್ಧಾರಕ್ಕೆಂದು ತಲೆಗೆ ಇಷ್ಟೆಂದು ಹಣ ಕೂಡಿಸುವರು. ಅದು ಮೆಚ್ಚತಕ್ಕ ಕಾರ್ಯವೇ. ಆದರೆ ಕೂಡಿದ ಹಣವೆಲ್ಲವೂ ಚಾವಡಿಯ ಕರಿಕಲ್ಲಿಗೆ, ಹೊಸ ಹೆಬ್ಬಾಗಿಲಿಗೆ, ದಾನಿಗಳ ಹೆಸರು ಕೊರೆದ ಫಲಕಕ್ಕೆ ಹೋಗಿ, ವರ್ಷದ ಉಳಿದ ದಿನಗಳಲ್ಲಿ ದೀಪ ಹಚ್ಚುತ್ತ ಅಲ್ಲಿರುವ ಹಿರಿಯ ದೊಡ್ಡಮ್ಮನ ಅಡಿಗೆಮನೆಯು ಮೊದಲಿನಂತೆಯೇ ಸೋರುತ್ತಿರುವ ಮನೆಗಳುಂಟು. ಆಕೆಯು ಕುಟುಂಬದ ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಪಾಲಿನ ಹಣ ಕೊಡಲಾಗದ ಸಂಕೋಚ. ಕುಟುಂಬದ ಯಜಮಾನರಲ್ಲಿ ನಮ್ಮ ವಿನಂತಿ: ಎಸ್ಟಿಮೇಟಿನ ಮೊದಲ ಸಾಲನ್ನು ಆಕೆಯಿಂದ ಬರೆಯಿಸಿರಿ. ಹಣ ಕೊಟ್ಟವರ ಹೆಸರಿನ ಪಟ್ಟಿಯನ್ನು ಚಾವಡಿಯ ಗೋಡೆಗೆ ಹಚ್ಚುವುದಾದರೆ, ಐವತ್ತು ವರ್ಷ ಆ ನೆಲವನ್ನು ಗುಡಿಸಿದವರ ಹೆಸರೂ ಅದರಲ್ಲಿರಲಿ. ಮನೆಯು ಯಾರ ಪಾಲಿಗೆಂಬ ವ್ಯಾಜ್ಯವು ತೀರದೆ ಇದ್ದರೆ, ಪಾಲುದಾರರೆಲ್ಲರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದೇ ಕೆಲಸಕ್ಕೆ ಕೈಹಾಕಬೇಕು. ಅಣ್ಣನು ಹೊದಿಸಿದ ಹಂಚಿಗೆ ತಮ್ಮನು ತಡೆಯಾಜ್ಞೆ ತಂದರೆ ಮಳೆಯು ಅದನ್ನು ಓದಿ ನಿಲ್ಲುವುದಿಲ್ಲ.

ಕೆಲಸವನ್ನು ಮೂರು ಬೇಸಗೆಗಳಿಗೆ ಹಂಚಿರಿ: ಮೊದಲನೆಯದರಲ್ಲಿ ಮಾಡು ಮತ್ತು ಅಂಗಳದ ನೀರು, ಎರಡನೆಯದರಲ್ಲಿ ತಂತಿ, ಶೌಚದ ಕೋಣೆ ಮತ್ತು ಗೋಡೆ, ಮೂರನೆಯದರಲ್ಲಿ ಮರದ ಮೆರುಗು. ಹಳೆಯ ಮಾಡನ್ನು ಬಿಚ್ಚುವವರೆಗೆ ಒಳಗೇನಿದೆಯೆಂದು ಯಾರಿಗೂ ತಿಳಿಯದಾದುದರಿಂದ ಮಾಡಿನ ಕೆಲಸವನ್ನು ಗುತ್ತಿಗೆಗೆ ಕೊಡದೆ ದಿನಗೂಲಿಯಲ್ಲಿ, ಮನೆಯವರೊಬ್ಬರು ಎದುರಿಗೆ ನಿಂತು ಮಾಡಿಸುವುದು ಲೇಸು. ಹಂಚು ಹೊದಿಸುವುದು ಪತ್ತನಾಜೆಗೆ ಹದಿನೈದು ದಿನ ಮುಂಚೆ ಮುಗಿದಿರಬೇಕು. ಕೂಲಿಯಲ್ಲಿ ಒಂದಿಷ್ಟನ್ನು, ಆಚಾರಿಯೊಡನೆ ಮೊದಲೇ ಮಾತಾಡಿಕೊಂಡು, ಕೈಯಲ್ಲಿ ಉಳಿಸಿಕೊಳ್ಳಿರಿ. ಮೊದಲ ದೊಡ್ಡ ಮಳೆಯ ರಾತ್ರಿ ದೀಪ ಹಿಡಿದು ಅಟ್ಟಕ್ಕೆ ಹತ್ತಿ, ನೀರು ತೊಟ್ಟಿಕ್ಕುವ ಪ್ರತಿಯೊಂದು ರೀಪಿಗೂ ಸೀಮೆಸುಣ್ಣದಿಂದ ಗುರುತು ಹಾಕಿ ಬನ್ನಿರಿ. ಮಳೆ ಹೊಳವಾದ ದಿನ ಆಚಾರಿಯು ಬಂದು ಆ ಗುರುತುಗಳ ಹಂಚುಗಳನ್ನು ಸರಿಪಡಿಸಿ ಹೋದ ಮೇಲೆ ಉಳಿದ ಹಣವನ್ನು ಕೊಡಿರಿ. ಜತೆಗೆ ಒಂದು ಹೊತ್ತಿನ ಊಟವನ್ನೂ.